ಉತ್ತರಾಣಿ ಸೀರೆಯಂಚು ಹಿಡಿದದ್ದು ಯಾಕೆ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕು ಎಂದು ತೊರೆಗಳು ಒಂದನ್ನೊಂದು ಕೇಳುತ್ತಿದ್ದವು. ಬೆಟ್ಟಗಳು ಎಳೆಮಕ್ಕಳ ಹಾಗೆ ದಿನಕ್ಕಿಷ್ಟು ಬೆಳೆಯುತ್ತಿದ್ದವು.

ಆಗ ಒಂದು ಬಯಲಿನಲ್ಲಿ ಎರಡು ಉತ್ತರಾಣಿ ಗಿಡಗಳಿದ್ದವು. ಒಬ್ಬಳು ಅವ್ವ, ಒಬ್ಬಳು ಮಗಳು. ಆಗ ಉತ್ತರಾಣಿಯ ಬೀಜಕ್ಕೆ ಮುಳ್ಳಿರಲಿಲ್ಲ. ನುಣ್ಣಗಿತ್ತು, ಆಕಾಶ ನೋಡಿಕೊಂಡು ನಿಂತಿರುತ್ತಿತ್ತು.

ಒಂದು ದಿನ ಅವ್ವನ ಕಾಲಡಿಯ ನೆಲ ಉಬ್ಬಿತು. ಅಲ್ಲೊಂದು ಬೆಟ್ಟ ಹುಟ್ಟಿತು. ಅದು ಬೆಳೆಯಿತು, ಬೆಳೆಯಿತು, ಅವ್ವನನ್ನು ಹೊತ್ತುಕೊಂಡೇ ಬೆಳೆಯಿತು. ಮೊದಲು ಅವ್ವನ ಮುಖ ಕಾಣುತ್ತಿತ್ತು. ಆಮೇಲೆ ಬರೀ ದನಿ ಕೇಳುತ್ತಿತ್ತು. ಆಮೇಲೆ ದನಿಯೂ ಇಲ್ಲ.

ಮಗಳು ಕತ್ತೆತ್ತಿ ನೋಡುತ್ತಲೇ ಉಳಿದಳು.

"ಗಾಳಿಯಣ್ಣ, ನನ್ನನ್ನು ಅವ್ವನ ಹತ್ತಿರ ಬಿಡ್ತೀಯಾ?"

"ನೀನು ಹತ್ತಿಯಾಗಿದ್ರೆ ಬಿಡ್ತಿದ್ದೆ ಕಣವ್ವ. ನಿನ್ನ ಎತ್ತಿದ್ರೆ ನನ್ನ ಸೊಂಟ ಹಿಡ್ಕೊಳ್ಳುತ್ತೆ."

"ತೊರೆಯಕ್ಕ, ನೀನು?"

"ನನಗೆ ಇಳಿಯೋದು ಮಾತ್ರ ಗೊತ್ತು. ಹತ್ತೋದು ಯಾರೂ ಕಲಿಸಲಿಲ್ಲ."

"ಮೇಕೆಯಕ್ಕ..."

"ಓಹೋ, ಬಾ ಬಾ! ಹೊಟ್ಟೆಯೊಳಗೆ ಕೂರಿಸಿಕೊಂಡೇ ಹೋಗ್ತೀನಿ," ಎಂದು ಮೇಕೆ ಬಾಯಿ ಚಪ್ಪರಿಸಿತು.

ಮಗಳು ಮೇಕೆಯ ಹತ್ತಿರ ಮತ್ತೆ ಮಾತೆತ್ತಲಿಲ್ಲ.

ಕಾಲ ಕಳೆಯಿತು. ಬೆಟ್ಟದ ತುದಿಯಲ್ಲಿ ದೇವರು ಬಂದು ಕೂತ. ವರ್ಷಕ್ಕೊಂದು ದಿನ ಜನ ಬೆಟ್ಟ ಹತ್ತತೊಡಗಿದರು. ಒಂದು ಸಲ ತಿಬ್ಬಮ್ಮ ಎಂಬವಳು, ಅವಳ ನಾದಿನಿ ಸಣ್ಣತಾಯಿ, ಇಬ್ಬರೂ ಉತ್ತರಾಣಿಯ ಪಕ್ಕದಲ್ಲಿ ಕೂತು ಮಾರನೆಯ ದಿನದ ಮಾತಾಡಿದರು.

"ಕೋಳಿ ಕೂಗೋ ಹೊತ್ತಿಗೆ ಹೊರಟುಬಿಡೋಣ ಅತ್ತಿಗೆ. ದೀಪ ಹಚ್ಚೋ ಹೊತ್ತಿಗೆ ವಾಪಸ್ಸು."

"ಕೋಳಿ ಕೂಗೋ ಹೊತ್ತಿಗೆ ನೀನು ಎದ್ದಿದ್ದು ಯಾವಾಗ? ನಿನ್ನ ಗೊರಕೆ ಕೇಳಿ ಕೋಳಿನೇ ಸುಮ್ಮನಾಗುತ್ತೆ," ಎಂದಳು ತಿಬ್ಬಮ್ಮ. "ಬುತ್ತಿಗೆ ಮೊಸರನ್ನ ಸಾಕು. ಪಾದದ ಕಲ್ಲಿನ ಹತ್ತಿರ ಸೀರೆ ಕೊಡವೋದು ಮಾತ್ರ ಮರೀಬೇಡ."

ಅದು ಅಲ್ಲಿಯ ಪದ್ಧತಿ. ಬೆಟ್ಟದ ಬುಡದ ಆ ಕಲ್ಲಿನ ಹತ್ತಿರ ಬಟ್ಟೆ ಕೊಡವಿಯೇ ಹತ್ತಬೇಕು. ಕೆಳಗಿನ ಧೂಳು ದೇವರ ತನಕ ಹೋಗಬಾರದು.

ಉತ್ತರಾಣಿ ಮೆಲ್ಲಗೆ ಕೇಳಿದಳು. "ತಿಬ್ಬಮ್ಮಕ್ಕ, ನನ್ನನ್ನೂ ಕರ್ಕೊಂಡು ಹೋಗಿ. ಮೇಲೆ ನನ್ನವ್ವ ಇದ್ದಾಳೆ."

"ಕಂಕುಳಲ್ಲಿ ಕೂಸು, ತಲೆ ಮೇಲೆ ಬುತ್ತಿ. ನಿನ್ನ ಎಲ್ಲಿ ಕೂರಿಸಲಿ, ಮೂಗಿನ ಮೇಲಾ?" ಎಂದಳು ತಿಬ್ಬಮ್ಮ. ಸೆರಗು ಸರಿಮಾಡಿಕೊಂಡು, "ನಾನೇ ಅವ್ವನ ಮನೆ ಕಂಡು ಮೂರು ವರ್ಷ ಆಯ್ತು. ನಿನಗೆಲ್ಲಿಂದ ತೋರಿಸಲಿ?" ಎಂದು ಎದ್ದುಹೋದಳು.

ಉತ್ತರಾಣಿ ಯೋಚಿಸಿದಳು. ನಾನು ಹೋಗಲಾರೆ. ನನ್ನ ಮಕ್ಕಳಾದರೂ ಹೋಗಲಿ. ಅವ್ವ ಮೊಮ್ಮಕ್ಕಳ ಮುಖವನ್ನಾದರೂ ನೋಡಲಿ.

ಅವಳು ಜಾಲಿಮರವನ್ನು ಕಾಡಿ ಬೇಡಿ ಮುಳ್ಳಿನ ಚೂರು ಇಸಕೊಂಡಳು. ಒಂದೊಂದು ಬೀಜಕ್ಕೂ ಒಂದೊಂದು ಚೂರು ಕಟ್ಟಿದಳು. ಆಕಾಶ ನೋಡುತ್ತಿದ್ದ ಅವುಗಳ ತಲೆಯನ್ನು ಸೀರೆಯಂಚಿನ ಕಡೆಗೆ ಬಗ್ಗಿಸಿದಳು.

"ಅಂಚು ಬಂದರೆ ಹಿಡಿದುಕೊಳ್ಳಿ. ಕೊಡವಿದರೂ ಬಿಡಬೇಡಿ. ಮೇಲೆ ಅಜ್ಜಿ ಇದ್ದಾಳೆ."

ಬೆಳಿಗ್ಗೆ ಮಕ್ಕಳು ತಿಬ್ಬಮ್ಮನ ಸೀರೆ ಹಿಡಿದವು. ಪಾದದ ಕಲ್ಲಿನ ಹತ್ತಿರ ಅವಳು ಕೊಡವಿದಳು. ಅರ್ಧ ಮಕ್ಕಳು ಬಿದ್ದವು. ಅರ್ಧ ಹಲ್ಲು ಕಚ್ಚಿ ಹಿಡಿದವು. ನಡುದಾರಿಯಲ್ಲಿ ಬುತ್ತಿ ಬಿಚ್ಚಲು ಕೂತಾಗ ತಿಬ್ಬಮ್ಮ ಕೂಗಿದಳು. "ಏನೇ ಸಣ್ಣತಾಯಿ, ನನ್ನ ಸೀರೆಗೆ ಹಲ್ಲು ಹುಟ್ಟಿವೆ!"

ಒಂದೊಂದಾಗಿ ಕಿತ್ತು ಎಸೆದಳು. ಅವು ಬಿದ್ದಲ್ಲೇ ಮೊಳೆತವು. ಮುಂದಿನ ವರ್ಷ ಅವುಗಳ ಮಕ್ಕಳು ಇನ್ನೊಬ್ಬರ ಅಂಚು ಹಿಡಿದು ಎರಡು ತಿರುವು ಹತ್ತಿದವು. ಅಲ್ಲೂ ಯಾರೋ ಕಿತ್ತೆಸೆದರು.

ಗಾಳಿ ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ. ಸುದ್ದಿ ತುದಿಗೂ ಮುಟ್ಟಿತು. ಅವ್ವ ಅಳುತ್ತಾ ಕೂರಲಿಲ್ಲ. ತನ್ನ ಬೀಜಗಳಿಗೂ ಮುಳ್ಳು ಕಟ್ಟಿ, ಇಳಿಯುವವರ ಸೀರೆಗೆ ಹಚ್ಚಿದಳು. "ಕೆಳಗೆ ನಿಮ್ಮಕ್ಕ ಇದ್ದಾಳೆ. ನೋಡಿಕೊಂಡು ಬನ್ನಿ."

ವರ್ಷಗಳಾದ ಮೇಲೆ ಒಂದು ತಿರುವಿನಲ್ಲಿ ಕೆಳಗಿನಿಂದ ಬಂದ ಗಿಡ, ಮೇಲಿನಿಂದ ಬಂದ ಗಿಡ ಅಕ್ಕಪಕ್ಕ ಮೊಳೆತವು. ಎಲೆಗೆ ಎಲೆ ತಾಗುತ್ತಿತ್ತು.

"ನೀನು ಯಾರನ್ನ ಹುಡುಕ್ತಿದ್ದೀಯಾ?"

"ನನ್ನಕ್ಕನ್ನ. ನೀನು?"

"ನನ್ನಜ್ಜಿನ."

"ಹಾಗಿದ್ರೆ ನೀನಲ್ಲ ಬಿಡು."

ಎರಡೂ ದಾರಿಯ ಕಡೆ ತಿರುಗಿ ಮುಂದಿನವರ ಸೀರೆಗೆ ಕಾದು ನಿಂತವು.

ಅದಕ್ಕೇ ಕಂದಾ, ಬೆಟ್ಟದ ದಾರಿಯ ಎರಡು ಬದಿಗೂ ಉತ್ತರಾಣಿ ಇವತ್ತಿಗೂ ತಲೆ ಬಗ್ಗಿಸಿದ ಬೀಜ ಹಿಡಿದು ಸಾಲಾಗಿ ನಿಂತಿರುತ್ತದೆ, ಹತ್ತುವಾಗಲೂ ಇಳಿಯುವಾಗಲೂ ನಿನ್ನ ಲಂಗಕ್ಕೆ ಅಂಟಿಕೊಂಡು ಬರುತ್ತದೆ.