ಬೀಗರ ಹೊಟ್ಟೆಯೊಳಗಿನ ಉಪ್ಪು

ಒಂದಾನೊಂದು ಊರಿನಲ್ಲಿ, ಹತ್ತಿರ ಬನ್ನಿ, ಒಮ್ಮೆ ಮಾತ್ರ ಹೇಳುತ್ತೇನೆ, ಒಂದು ನಿಯಮವಿತ್ತು. ಊರು ಕೊಪ್ಪರಿಗೆಪುರ. ಎಲೆ ಖಾಲಿಯಾದರೆ ಉಣ್ಣುವವನಿಗೆ ಇನ್ನೂ ಹಸಿವಿದೆ ಎಂದರ್ಥ. ಬಡಿಸಲೇಬೇಕು. ಗುಡ್ಡದಾಚೆ ಎಲೆಗುಂಡಿ. ಅಲ್ಲಿ ಬೇರೆ ನಿಯಮ. ಎಲೆಯಲ್ಲಿ ಅಗುಳು ಬಿಟ್ಟರೆ ಬಡಿಸಿದವರಿಗೆ ಅವಮಾನ. ಉಣ್ಣಲೇಬೇಕು. ಒಬ್ಬರ ಭಾಷೆ ಒಬ್ಬರಿಗೆ ಬಾರದು.

ಕೊಪ್ಪರಿಗೆಪುರದ ತಿರುಕಪ್ಪನ ಮಗಳು ಗೌರವ್ವನಿಗೂ ಎಲೆಗುಂಡಿಯ ಹುಡುಗನಿಗೂ ಮದುವೆ ಗೊತ್ತಾಯಿತು. ಹುಡುಗಿ ನಕ್ಕಳು, ಹುಡುಗ ನಕ್ಕ. ಅದಕ್ಕೆ ಭಾಷೆ ಬೇಡ. ಹುಡುಗನ ಅಪ್ಪ ತೃಪ್ತಿಯಾಗಿ ಉಂಡು ಕೈ ತೊಳೆದರೆ ತಾಳಿ. ಇಲ್ಲವಾದರೆ ಇಲ್ಲ.

ಮದುವೆಯ ದಿನ ಚಪ್ಪರದಲ್ಲಿ ಬೀಗ ಗುರುಪಾದಪ್ಪ ಉಂಡ. ಎಲೆ ಖಾಲಿ. ತಿರುಕಪ್ಪ ಬಡಿಸಿದ. ಬೀಗ ಉಂಡ. ಎಲೆ ಖಾಲಿ. ತಿರುಕಪ್ಪ ಬಡಿಸಿದ. ಮನೆಯ ಅನ್ನ ಮುಗಿಯಿತು. ಊರಿನ ಅನ್ನ ಬಂತು, ಅದೂ ಮುಗಿಯಿತು. ಸುದ್ದಿ ರಾಜನಿಗೆ ಹೋಯಿತು. ನನ್ನ ರಾಜ್ಯದಲ್ಲಿ ಒಬ್ಬ ಹಸಿದಿದ್ದಾನೆಯೇ ಎಂದು ರಾಜ ಅತ್ತ. ಕಣಜ ತೆರೆಸಿದ. ಸೈನಿಕರ ಕತ್ತಿ ಕಿತ್ತುಕೊಂಡು ಸೌಟು ಕೊಟ್ಟ. ಬೀಗ ಉಬ್ಬಿದ. ಚಪ್ಪರದ ಕಂಬಗಳು ಲಟಲಟ ಮುರಿದವು. ಮುರಿದ ಕಂಬ ಒಲೆಗೆ ಹಾಕಿ ಇನ್ನಷ್ಟು ಬೇಯಿಸಿದರು.

"ಅಪ್ಪಾ, ಮಾವನವರು ಒಡೆದುಹೋದರೆ ತಾಳಿ ಯಾರ ಮುಂದೆ ಕಟ್ಟುವುದು?"

"ಹಸಿದು ಎದ್ದರೆ ಕಟ್ಟುತ್ತಾರೇನೇ?" ಎಂದ ತಿರುಕಪ್ಪ. ಇನ್ನೊಂದು ಸೌಟು ಹಾಕಿದ.

ಗೌರವ್ವ ಅಡುಗೆಮನೆಗೆ ಓಡಿದಳು. ಉಪ್ಪಿಗೆ ಮಾತು ಬರುತ್ತದೆ. ನಾವು ಸಾರಿಗೆ ಹಾಕಿಬಿಡುತ್ತೇವೆ, ಕೇಳುವುದಿಲ್ಲ. ಉಪ್ಪೆಲ್ಲ ಒಂದೇ ಸಮುದ್ರದ್ದು, ಅದರ ಭಾಷೆಯೂ ಒಂದೇ. ಒಂದು ಹಿಡಿ ಉಪ್ಪು ತಂದು ಬೀಗರ ಹೊಟ್ಟೆಯ ಮೇಲಿಟ್ಟಳು. ಒಳಗಿರುವ ನಿಮ್ಮವರನ್ನು ವಿಚಾರಿಸಿ ಎಂದಳು.

ಹೊರಗಿನ ಉಪ್ಪು ಕೂಗಿತು. ಒಳಗಿನ ಉಪ್ಪು ಓಗೊಟ್ಟಿತು.

"ಒಂಟಿ ಕಾಲಲ್ಲಿ ನಿಂತಿದ್ದೇವೆ ತಂಗಿ, ಜಾಗವಿಲ್ಲ. ಈ ಪುಣ್ಯಾತ್ಮನಿಗೆ ಮೊದಲ ಸೌಟಿಗೇ ಹೊಟ್ಟೆ ತುಂಬಿತ್ತು. ಬಿಟ್ಟರೆ ಮಗನ ಮದುವೆ ಮುರಿದೀತೆಂದು ಉಣ್ಣುತ್ತಿದ್ದಾನೆ."

ತಿರುಕಪ್ಪ ಸೌಟು ಹಿಡಿದೇ ಕುಸಿದ. ನಾನೂ ಅದೇ ಹೆದರಿಕೆಗೆ ಬಡಿಸಿದೆ ಎಂದ. ಉಪ್ಪು ಅದನ್ನು ಒಳಗೆ ಮುಟ್ಟಿಸಿತು. ಬೀಗ ನಕ್ಕ. ಉಳಿದಿದ್ದ ಕೊನೆಯ ಕಂಬವೂ ಮುರಿಯಿತು.

ಆದರೆ ಎಲೆಯಲ್ಲಿ ಇನ್ನೂ ಒಂದು ಸೌಟು ಅನ್ನವಿತ್ತು. ಬಿಟ್ಟರೆ ಅವಮಾನ, ಮುಗಿಸಿದರೆ ಹಸಿವು. ತಿರುಕಪ್ಪ ಅದೇ ಎಲೆಗೆ ಕೈ ಹಾಕಿ ತಾನೇ ಉಂಡ. ಬಡಿಸುವವನೇ ಉಣ್ಣಲು ಕೂತರೆ ಬಡಿಸುವವರಾರು? ಸೇನೆ ಸೌಟು ಕೆಳಗಿಟ್ಟಿತು. ಇಬ್ಬರ ಕೈಗೂ ರಾಜನೇ ಬಂದು ನೀರು ಹಾಕಿದ. ಗೌರವ್ವನ ಕೊರಳಿಗೆ ತಾಳಿ ಬಿತ್ತು.

ನೀತಿ ಬೇಕೇ? ಪರವೂರಿನವರ ಮಾತು ತಿಳಿಯದಿದ್ದರೆ ಅವರ ಹೊಟ್ಟೆಯನ್ನು ಕೇಳಿ. ಅವರ ಒಲೆ ಅಲ್ಲಿ ಆರಿತು, ನಮ್ಮದು ಇಲ್ಲಿ ಆರುತ್ತಿದೆ. ಏಳಿ.