ಎಣ್ಣೆಯಂಗಳದ ಹಗ್ಗ

ಮಾಘ ಶುದ್ಧ ಪಂಚಮಿ, ಬುಧವಾರ. ಹೊಳೆಯ ಮೇಲೆ ಮಂಜು, ಗಾಳಿಯಿಲ್ಲ. ಡಂಗುರದವನು ದಡದಲ್ಲಿ ನಿಂತು ಸಾರಿದ: "ರಾಜಕುಮಾರಿ ಹೊನ್ನಲದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆಯೆರೆದು ಅರ್ಧ ರಾಜ್ಯ ಕೊಡಲಾಗುವುದು. ತಪ್ಪಿದವನ ತಲೆ ಸಂಜೆಗೆ ಉರುಳುವುದು."

ಅಂಬಿಗರ ದ್ಯಾವ ಆ ಬೆಳಗ್ಗೆ ಭುಜಬಲ, ಇಂದುಶೇಖರ ಎಂಬ ಇಬ್ಬರು ರಾಜಕುಮಾರರನ್ನು ಹರಿಗೋಲಿನಲ್ಲಿ ದಾಟಿಸಿದ್ದ. ದಾಟಿಸಿದವರನ್ನು ಸಂಜೆಯೊಳಗೆ ಮರಳಿ ದಡ ಮುಟ್ಟಿಸುವುದು ಅಂಬಿಗರ ಕಟ್ಟಳೆ. ಹೊತ್ತು ಇಳಿದರೂ ಅವರು ಬರಲಿಲ್ಲ. ದ್ಯಾವ ಅರಮನೆಗೆ ನಡೆದ.

ಇಬ್ಬರನ್ನೂ ಕಂಬಕ್ಕೆ ಬಿಗಿದಿದ್ದರು. ಮುಂದೆ ನುಣುಪುಗಲ್ಲಿನ ಅಂಗಳ. ಹರಳೆಣ್ಣೆ ಬಳಿದು ಇರುವೆಯೂ ಕಾಲೂರದಂತಿತ್ತು. ನಡುವೆ ಮಣೆಯ ಮೇಲೆ ರಾಜಕುಮಾರಿ, ಆಚೆ ಅಂಚಿನಲ್ಲಿ ಅವಳ ತಂದೆ ರಾಜ.

"ಒಗಟಿಗೆ ಉತ್ತರ ನಾನೂ ಹೇಳ್ತೀನಿ ಬುದ್ಧಿ," ಅಂದ ದ್ಯಾವ ಈಚೆ ಅಂಚಿನಿಂದ.

"ಇನ್ನೊಂದು ತಲೆ ಬಂತು," ಅಂದ ರಾಜ.

ರಾಜಕುಮಾರಿಯ ದನಿ ಸೋತಿತ್ತು. "ಈ ಅಂಗಳದಲ್ಲಿ ಇಬ್ಬರು ಎದುರುಬದುರು ಕೂತಿದ್ದಾರೆ. ಒಬ್ಬ ಹಗ್ಗ ಎಳೆಯುತ್ತಾನೆ, ಇನ್ನೊಬ್ಬ ಸುಮ್ಮನೆ ಹಿಡಿದಿದ್ದಾನೆ. ಜಾರುವವರು ಯಾರು?"

ಎಳೆದವನು ಕದಲನು ಎಂದು ಹೇಳಿ ಭುಜಬಲ ಸೋತಿದ್ದ.

"ಇಬ್ಬರೂ, ಅಮ್ಮಣ್ಣಿ. ಹಗ್ಗ ಎರಡು ತುದಿಯನ್ನೂ ಒಂದೇ ಬಲದಲ್ಲಿ ಎಳೀತದೆ. ಇನ್ನೊಂದು ಹರಿಗೋಲನ್ನು ಎಳೆದರೆ ನನ್ನದೂ ಅದರತ್ತ ಹೋಗ್ತದೆ."

"ಒಬ್ಬ ಇನ್ನೊಬ್ಬನ ಎರಡರಷ್ಟು ಭಾರ. ಸೇರುವುದು ಎಲ್ಲಿ?"

ಸರಿನಡುವೆ ಎಂದು ಹೇಳಿ ಇಂದುಶೇಖರ ಸೋತಿದ್ದ.

"ಭಾರದವನ ಹತ್ತಿರ. ಅವನು ಒಂದು ಮೊಳ ಬಂದರೆ ಹಗೂರದವನು ಎರಡು ಮೊಳ ಹೋಗ್ತಾನೆ, ಯಾರೇ ಎಳೀಲಿ."

ಆಕೆ ಅವನನ್ನೇ ನೋಡಿದಳು. "ಅವಸರ ಬೇಡ, ಯೋಚಿಸಿ ಹೇಳು. ನಡುವೆ ಒಬ್ಬಳೇ ಇದ್ದೇನೆ. ಹಗ್ಗವಿಲ್ಲ, ಎಳೆಯುವವರಿಲ್ಲ. ಅಂಚು ಸೇರುವುದು ಹೇಗೆ?"

"ಹರಿಗೋಲಿಂದ ದಡಕ್ಕೆ ನೆಗೆದರೆ ಅದು ಹಿಂದಕ್ಕೆ ಸರೀತದೆ, ಅಮ್ಮಣ್ಣಿ. ಮೈಮೇಲಿರೋದನ್ನ ಅತ್ತ ಎಸೀರಿ. ನೀವು ಇತ್ತ ಬರ್ತೀರಿ."

ಆಕೆ ಸೊಂಟದ ಡಾಬು ಬಿಚ್ಚಿ ತಂದೆಯತ್ತ ಎಸೆದಳು. ಮಣೆ ಮೆಲ್ಲಗೆ, ಬಲು ಮೆಲ್ಲಗೆ, ದ್ಯಾವನತ್ತ ಜಾರಿತು. ಅವನು ಕೈ ಚಾಚಿದ.

"ಗೆದ್ದೆ," ಅಂದ ರಾಜ.

"ಆ ಇಬ್ಬರನ್ನು ಬಿಡಿ ಬುದ್ಧಿ. ಕತ್ತಲಾಗೋದರೊಳಗೆ ದಾಟಿಸಬೇಕು."

"ಡಂಗುರದ ಮಾತು ಮುರಿಯುವುದು ಅಗ್ಗವಲ್ಲ. ನಿನ್ನ ಪಾಲಿನ ರಾಜ್ಯ ಬಿಡುತ್ತೀಯಾ?"

ದ್ಯಾವ ರಾಜಕುಮಾರಿಯತ್ತ ತಿರುಗಿದ. "ಆಮೇಲೆ ನನಗೆ ಉಳಿಯೋದು ಹರಿಗೋಲು ಒಂದೇ."

"ಅದರಲ್ಲಿ ನಾಲ್ಕು ಜನ ಹಿಡಿಸುತ್ತಾರಾ?" ಅಂದಳು ಆಕೆ.

"ಒತ್ತಿ ಕೂತರೆ ಹಿಡಿಸ್ತಾರೆ."

"ಹಾಗಾದರೆ ಹೊರಡೋಣ."

ದೀಪ ಹಚ್ಚುವ ಹೊತ್ತಿಗೆ ಎರಡು ತಲೆಗಳು ಅವರವರ ಹೆಗಲ ಮೇಲೆಯೇ ಆಚೆ ದಡ ಮುಟ್ಟಿದವು. ಅದಕ್ಕೆ ದ್ಯಾವ ತೆತ್ತದ್ದು ಅರ್ಧ ರಾಜ್ಯ.