ಬಾದಶಾನ ಹಟ

"ಮಗುವಿನ ಬಾಯಿಗೆ ಒಂದು ತುತ್ತು ಇಡೋಕೂ ಬಿಡಲ್ವಲ್ಲ, ಮತ್ತೆ ಬಡ್ಕೊಳ್ತಿದೆ" ಎಂದು ಗೊಣಗುತ್ತ ನೀಲಮ್ಮ ಫೋನ್ ಎತ್ತಿದಳು. ಸುಲೋಚನಾ ಮೇಡಂ ಮದುವೆಗೆ ಹೋಗಿದ್ದರು. ಅವರ ಮನೆಯನ್ನೂ ನಾಯಿ ಬಾದಶಾನನ್ನೂ ನೋಡಿಕೊಳ್ಳುವ ಕೆಲಸ ಅವಳಿಗೆ ಹೊಸದು.

"ಬಾದಶಾ ಉಂಡನಾ?"

"ಇಲ್ಲ ಮೇಡಂ. ಮೂಸಿ ನೋಡಿ ಮುಖ ತಿರುಗಿಸ್ತಾನೆ."

"ನಾನು ಬರೋದ್ರೊಳಗೆ ಅವನು ಸೊರಗಿದ್ರೆ, ಈ ಬೀದಿಯಲ್ಲಿ ನಿನಗೆ ಯಾರೂ ಕೆಲಸ ಕೊಡದ ಹಾಗೆ ಮಾಡ್ತೀನಿ."

ನೀಲಮ್ಮನ ಪುಟ್ಟ ಮಗಳು ಉಣ್ಣದೆ ಹಟ ಮಾಡಿದಾಗ "ನಾಯಿಗೆ ಹಾಕಿಬಿಡ್ತೀನಿ" ಅಂದರೆ ಸಾಕು, ಬಾಯಿ ತೆರೆಯುತ್ತಿದ್ದಳು. ನೀಲಮ್ಮ ಅದನ್ನೇ ತಿರುಗಿಸಿದಳು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾಯಿಯ ತಟ್ಟೆ ಎತ್ತಿದಳು.

"ಬೇಡ್ವೇನೋ? ಸರಿ, ಪಾಪುಗೆ ಕೊಡ್ತೀನಿ."

ಮಗು ಕೈ ಚಾಚಿತು. ಬಾದಶಾ ಎದ್ದು ಓಡಿಬಂದ. ಕೆಳಗಿಟ್ಟ ತಟ್ಟೆಯನ್ನು ನೆಕ್ಕಿ ಬೆಳ್ಳಗೆ ಮಾಡಿದ.

ಆಮೇಲೆ ದಿನಾ ಇದೇ ಆಟ. ಒಂದು ದಿನ ತಟ್ಟೆಯನ್ನು ಮಗುವಿನ ಮುಂದೆ ಹಿಡಿದಿದ್ದಾಗಲೇ ಮೇಡಂ ಹೇಳದೆ ಕೇಳದೆ ಬಂದಿಳಿದರು. ಕೈಯಲ್ಲಿದ್ದ ಬ್ಯಾಗು ಬಾಗಿಲಲ್ಲೇ ಬಿತ್ತು.

"ನನ್ನ ನಾಯಿಯ ಅನ್ನ ನಿನ್ನ ಮಗುವಿಗಾ?"

"ನೀವೇ ನೋಡಿ, ಮೇಡಂ."

ನೀಲಮ್ಮ ತಟ್ಟೆ ಕೆಳಗಿಟ್ಟು ಮಗುವನ್ನು ಹೊರಗೆ ಕರೆದೊಯ್ದಳು. ಬಾದಶಾ ತಟ್ಟೆಗೆ ಬೆನ್ನು ಹಾಕಿದ. ಒಳಗೆ ತಂದಳು. ಗಬಗಬ ತಿಂದ.

ಮೇಡಂ ಬೆವರೊರೆಸಿಕೊಂಡು ಸೋಫಾದ ಮೇಲೆ ಕುಸಿದರು. ಖಾಲಿ ತಟ್ಟೆಯನ್ನು ನೋಡುತ್ತ ಕೇಳಿದರು:

"ನಾಳೆಯಿಂದ ನಾನು ಮಗುವನ್ನು ಎಲ್ಲಿಂದ ತರಲಿ, ನೀಲಮ್ಮ?"